ಅತ್ತೆಯವರ ಶವರ್ ಸ್ನಾನ

ನನಗೂ ನಮ್ಮ ಅತ್ತೆಯವರಿಗೂ ಮೂವತ್ತೊಂದು ವರ್ಷಗಳಿಂದ ಮಾತಿಲ್ಲ. ಇಷ್ಟು ಹೇಳಿದ ಕೂಡಲೇ ನೀವು ಒಡವೆಯ ವಿಷಯಕ್ಕೋ, ಮದುವೆಯ ದಿನ ಊಟದ ಪಂಕ್ತಿಯಲ್ಲಿ ಯಾರಿಗೋ ಪಾಯಸ ಬಡಿಸದೆ ಹೋದದ್ದಕ್ಕೋ ಆದ ಜಗಳವಿರಬೇಕು ಎಂದುಕೊಳ್ಳುತ್ತೀರಿ. ಹಾಗೇನೂ ಇಲ್ಲ. ನಮ್ಮ ಮಧ್ಯೆ ಇರುವುದು ಜಗಳವಲ್ಲ, ಮರ್ಯಾದೆ. ನನ್ನ ಹೆಂಡತಿ ಗಿರಿಜೆಯ ತವರು ಅರಸೀಕೆರೆ. ಅವರ ಮನೆತನದಲ್ಲಿ ಅತ್ತೆಯಾದವರು ಅಳಿಯನ ಎದುರು ಕುರ್ಚಿಯ ಮೇಲೆ ಕೂರುವುದಿಲ್ಲ, ತಲೆಯ ಮೇಲೆ ಸೆರಗಿಲ್ಲದೆ ಬರುವುದಿಲ್ಲ, ಮುಖ ನೋಡಿ ಮಾತಾಡುವುದಂತೂ ಇಲ್ಲವೇ ಇಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಧೈರ್ಯ ಮಾಡಿ, 'ಚೆನ್ನಾಗಿದೀರಾ ಅತ್ತೆ?' ಎಂದು ಕೇಳಿದ್ದೆ. ಅವರು ಗೋಡೆ ಗಡಿಯಾರದ ಕಡೆ ತಿರುಗಿ, 'ಚೆನ್ನಾಗಿದೀನಿ ಅಂತ ಹೇಳು ಗಿರಿಜಾ' ಎಂದರು. ಗಿರಿಜೆ ಆ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಅಂದಿನಿಂದ ನಾನೂ ಆ ಪದ್ಧತಿಗೆ ಒಗ್ಗಿಕೊಂಡೆ.

ಗಿರಿಜೆ ನಡುವೆ ಇರುವಷ್ಟು ದಿನ ಇದರಿಂದ ತೊಂದರೆಯೇನೂ ಆಗಲಿಲ್ಲ. ಆದರೆ ಹೋದ ವರ್ಷ ನಾನು ನಿವೃತ್ತನಾದೆ. ಬನಶಂಕರಿಯ ಒಂದು ಖಾಸಗಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿರುವ ಗಿರಿಜೆಗೆ ಇನ್ನೂ ಸೇವೆ ಬಾಕಿ ಇದೆ. ಈ ಸಲ ಸಂಕ್ರಾಂತಿ ಮುಗಿದ ಮೇಲೆ ಅತ್ತೆ ನೀಲಮ್ಮನವರು ಮಂಡಿ ನೋವಿಗೆ ಔಷಧಿ ಮಾಡಿಸಿಕೊಳ್ಳಲು ನಮ್ಮ ಜೆ.ಪಿ. ನಗರದ ಮನೆಗೆ ಬಂದರು. ಅರಸೀಕೆರೆಯಲ್ಲಿ ಅವರ ಮಗನ ಮನೆ ಅಂಗಡಿಯ ಮಹಡಿಯ ಮೇಲಿದೆ. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಆ ಕಡಿದಾದ ಮೆಟ್ಟಿಲು ಹತ್ತಿಳಿಯುವುದು ಅವರಿಗೆ ಆಗುತ್ತಿರಲಿಲ್ಲ. ನಮ್ಮದು ಮೂರನೇ ಮಹಡಿಯಾದರೂ ಲಿಫ್ಟ್ ಇದೆ. ಹೀಗಾಗಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆಯವರೆಗೆ ಮನೆಯಲ್ಲಿ ಉಳಿದವರು, ಒಬ್ಬರನ್ನೊಬ್ಬರು ಮಾತಾಡಿಸದ ನಾವಿಬ್ಬರೇ. ಹಾಗಂತ ಮಾತಿಲ್ಲದೆ ಮನೆ ನಡೆಯುತ್ತದೆಯೇ? ಅತ್ತೆಯವರು ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ಮುಖವಿಟ್ಟು, 'ಮೊಸರು ಹುಳಿಯಾಗ್ತಾ ಐತೆ, ಮಜ್ಜಿಗೆಹುಳಿ ಮಾಡಿದ್ರೆ ತಿಂತಾರೋ ಏನೋ' ಎನ್ನುವರು. ನಾನು ಹಾಲ್‌ನಲ್ಲಿ ಕೂತು ದಿನಪತ್ರಿಕೆಗೆ, 'ಮಜ್ಜಿಗೆಹುಳಿ ಅಂದ್ರೆ ಯಾರು ಬೇಡ ಅಂತಾರೆ' ಎಂದು ಹೇಳುವೆ. ಫ್ರಿಜ್ಜಿಗೂ ಪತ್ರಿಕೆಗೂ ಹೀಗೆ ಒಳ್ಳೆಯ ಬಾಂಧವ್ಯ ಬೆಳೆಯಿತು.

ಇನ್ನು ನನ್ನ ವಿಷಯ. ನಾನು ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಮೂವತ್ತನಾಲ್ಕು ವರ್ಷ ಪಿಪೆಟ್ಟು, ಬ್ಯೂರೆಟ್ಟು ತೊಳೆದಿದ್ದೇನೆ. ಇಷ್ಟು ವರ್ಷ ವಿಜ್ಞಾನದ ಪಾತ್ರೆ ತೊಳೆದವನಿಗೆ ವಿಜ್ಞಾನವೂ ಬರುತ್ತದೆ ಎಂಬುದು ನನ್ನ ನಂಬಿಕೆ. ಗಿರಿಜೆಯ ನಂಬಿಕೆ ಬೇರೆ. ಏನೇ ಇರಲಿ, ಮನೆಯಲ್ಲಿ ನಲ್ಲಿ ಸೋರಿದರೆ, ಸ್ವಿಚ್ಚು ಕೈಕೊಟ್ಟರೆ ಮೊದಲು ಕೈ ಹಾಕುವವನು ನಾನು. ಆಮೇಲೆ ಕೋಣನಕುಂಟೆಯಿಂದ ಪ್ಲಂಬರ್ ಮುನಿರಾಜು ಬಂದು, ನಾನು ಮಾಡಿದ್ದನ್ನು ಬಿಚ್ಚಿ, ನಲ್ಲಿ ಮೊದಲು ಹೇಗೆ ಸೋರುತ್ತಿತ್ತೋ ಆ ಸ್ಥಿತಿಗೆ ತಂದು, ಅಲ್ಲಿಂದ ಕೆಲಸ ಶುರು ಮಾಡುತ್ತಾನೆ. 'ಸಾರ್, ನೀವು ಮುಟ್ದೇ ಇದ್ದಿದ್ರೆ ಅರ್ಧ ಗಂಟೆ ಕೆಲಸ' ಎಂದು ಅವನು ಪ್ರತಿಸಲ ಹೇಳುತ್ತಾನೆ. ಅದನ್ನು ನಾನು ಪ್ರತಿಸಲ ಅಸೂಯೆ ಎಂದೇ ತಿಳಿದುಕೊಂಡಿದ್ದೆ.

ಅತ್ತೆಯವರು ಬಂದ ತಿಂಗಳಲ್ಲೇ ಒಂದು ಬೆಳಿಗ್ಗೆ ಅವರ ಬಚ್ಚಲುಮನೆಯಿಂದ ಚೊಂಬು ಉರುಳಿದ ಸದ್ದು, ಹಿಂದೆಯೇ 'ಶಿವಶಿವಾ' ಎಂಬ ಉದ್ಗಾರ ಕೇಳಿಸಿತು. ನಾನು ಎದ್ದು ನಿಂತೆ. ನಿಂತವನು ಏನು ಮಾಡಬೇಕು? ಅತ್ತೆಯವರು ಸ್ನಾನಕ್ಕೆ ಹೋಗಿದ್ದಾರೆ ಎಂಬುದೇ ಅಳಿಯನಿಗೆ ಗೊತ್ತಿರಬಾರದ ಸಂಗತಿ. ಬಾಗಿಲು ತಟ್ಟುವುದು ಹೇಗೆ? ಹಾಲಿನಿಂದ ಬಚ್ಚಲಿನ ತನಕ, ಬಚ್ಚಲಿನಿಂದ ಹಾಲಿನ ತನಕ ನಾಲ್ಕು ಸಲ ಓಡಾಡಿ, ಕೊನೆಗೆ ಶಾಲೆಯಲ್ಲಿದ್ದ ಗಿರಿಜೆಗೆ ಫೋನ್ ಮಾಡಿದೆ. ಅವಳು ತನ್ನ ತಾಯಿಗೆ ಫೋನ್ ಮಾಡಿದಳು. ತಾಯಿಯ ಫೋನು ದೇವರ ಮನೆಯಲ್ಲಿ ರಿಂಗಾಯಿತು. ಅಷ್ಟರಲ್ಲಿ ಅತ್ತೆಯವರೇ ಹೊರಗೆ ಬಂದು ಫ್ರಿಜ್ಜಿಗೆ, 'ಬಗ್ಗಿ ನೀರು ತೋಡೋಕೆ ಹೋದೆ, ಸೊಂಟ ಹಿಡ್ಕೊಂಬಿಡ್ತು. ಬಿದ್ದಿಲ್ಲ' ಎಂದು ವರದಿ ಒಪ್ಪಿಸಿದರು. ಅಂದು ಮಧ್ಯಾಹ್ನವೇ ನಾನು ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಹಿಡಿದುಕೊಳ್ಳುವ ಶವರ್, ಒಂದು ಡಜನ್ ಟೆಫ್ಲಾನ್ ಟೇಪು ತಂದೆ.

ಆ ಬಚ್ಚಲು ಅತಿಥಿಗಳಿಗೆಂದು ಕಟ್ಟಿಸಿದ್ದು. ನಮಗೆ ಅತಿಥಿಗಳು ಕಡಿಮೆ. ಹಾಗಾಗಿ ವರ್ಷಗಟ್ಟಲೆ ಅಲ್ಲಿ ಹಳೆಯ ಪತ್ರಿಕೆಗಳೂ ದೊಡ್ಡ ಪಾತ್ರೆಗಳೂ ವಾಸವಾಗಿದ್ದವು. ವಾಷಿಂಗ್ ಮಷಿನ್ ಬರಬಹುದೆಂದು ಬಿಸಿನೀರಿನ ಪೈಪಿನಿಂದ ಒಂದು ಕವಲು ಎಳೆಸಿದ್ದೆವು. ಮಷಿನ್ ಬಾಲ್ಕನಿಗೆ ಹೋಯಿತು, ಕವಲು ಹಾಗೇ ಉಳಿಯಿತು, ಅದರ ಬಾಯಿಗೆ ನಾನೇ ಮುಚ್ಚಳ ಬಿಗಿದಿದ್ದೆ. ಮೇಲೆ ಟೆರೇಸಿನಲ್ಲಿ ನಮ್ಮ ಸ್ವಂತದ ಸೋಲಾರ್ ಹೀಟರ್. ಮೋಡ ಕವಿದ ದಿನಗಳಿಗೆಂದು ಅದರಲ್ಲಿ ಕರೆಂಟಿನ ಕಾಯಿಲ್ ಇದೆ. ಅದನ್ನು ನಾನು ಒಂದು ದಿನವೂ ಹಾಕಿದವನಲ್ಲ. ಸೂರ್ಯನ ಮೇಲೆ ನಂಬಿಕೆ ಇಟ್ಟ ಮೇಲೆ ಪೂರ್ತಿ ಇಡಬೇಕು ಎಂಬುದು ನನ್ನ ವಾದ. ಬೆಚ್ಚಗಿನ ನೀರೇ ಮೈಗೆ ಒಳ್ಳೆಯದು ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಉಪದೇಶವನ್ನೂ ಮಾಡುತ್ತಿದ್ದೆ.

ಶವರ್ ಹಾಕಿದ್ದು ನಾನೇ. ಒಂದು ಡಜನ್ ಟೇಪಿನಲ್ಲಿ ಹನ್ನೊಂದು ಖರ್ಚಾದವು, ಆದರೆ ಸೋರಲಿಲ್ಲ. ಕುರ್ಚಿಯ ಮೇಲೆ ಕೂತು, ಬಗ್ಗದೆ, ಬೇಕಾದ ಕಡೆಗೆ ನೀರು ಬಿಟ್ಟುಕೊಳ್ಳುವುದನ್ನು ಗಿರಿಜೆ ತಾಯಿಗೆ ತೋರಿಸಿಕೊಟ್ಟಳು. ಹುಟ್ಟಿದಾಗಿನಿಂದ ಹಂಡೆ ಚೊಂಬು ಬಿಟ್ಟು ಬೇರೆ ಕಾಣದವರು ಮೊದಲ ದಿನ ಹೊರಗೆ ಬರಲೇ ಇಲ್ಲ. ಎರಡನೆಯ ದಿನ ಮುಕ್ಕಾಲು ಗಂಟೆ. ಮೂರನೆಯ ದಿನ ಒಳಗಿನಿಂದ ಹಾಡು ಕೇಳಿಸಿತು. ಅತ್ತೆಯವರು ಹಾಡುತ್ತಾರೆ ಎಂಬುದು ಗಿರಿಜೆಗೂ ಗೊತ್ತಿರಲಿಲ್ಲ. ಯಾವುದೋ ಸೋಬಾನೆ ಪದ. ಅರ್ಧ ಮರೆತದ್ದು, ಮರೆತ ಕಡೆ ಬರೀ ರಾಗ. ಏನು ಗಂಟಲು ಅಂತೀರಿ! ಅಳಿಯನಾದವನು ಇದನ್ನು ಕೇಳಿಸಿಕೊಳ್ಳುವುದು ತಪ್ಪು ಎಂದು ನನಗೆ ಗೊತ್ತಿತ್ತು. ಆದ್ದರಿಂದ ಅವರು ಒಳಗೆ ಹೋದ ಕೂಡಲೇ ಟೀವಿ ಹಾಕುತ್ತಿದ್ದೆ. ಹಾಕಿ, ಸದ್ದು ಪೂರ್ತಿ ಇಳಿಸಿ ಕೂರುತ್ತಿದ್ದೆ. ಸ್ನಾನ ಮುಗಿದು, ಇಷ್ಟಲಿಂಗ ಪೂಜೆ ಮುಗಿದು ಅವರು ಅಡುಗೆ ಮನೆಗೆ ಬರುವಾಗ ಸದ್ದು ಏರಿಸುತ್ತಿದ್ದೆ. ನಿವೃತ್ತನಾದ ಮೇಲೆ ದಿನದಲ್ಲಿ ನಾನು ಕಾದುಕೊಂಡಿರುತ್ತಿದ್ದುದು ಆ ಅರ್ಧ ಗಂಟೆಗೆ ಮಾತ್ರ.

ಆಷಾಢ ಬಂತು. ನಿಮಗೆ ನಮ್ಮೂರಿನ ಆಷಾಢ ಗೊತ್ತಲ್ಲ, ಮಳೆ ಬರುವುದಿಲ್ಲ, ಬಿಸಿಲೂ ಬರುವುದಿಲ್ಲ, ಬರೀ ಮೋಡ ಮತ್ತು ಗಾಳಿ. ಸೋಲಾರ್ ನೀರು ವಾರಗಟ್ಟಲೆ ಉಗುರುಬೆಚ್ಚಗೆ ಬಂತು. ಅತ್ತೆಯವರು ಫ್ರಿಜ್ಜಿಗೆ, 'ನೀರು ಇನ್ನೊಂಚೂರು ಕಾದಿದ್ರೆ ಚೆನ್ನಾಗಿತ್ತು' ಎಂದರು. ನಾನು ಪತ್ರಿಕೆಗೆ, 'ಬೆಚ್ಚಗಿನ ನೀರೇ ಮೈಗೆ ಒಳ್ಳೇದಂತೆ' ಎಂದೆ. ಹತ್ತು ದಿನದಲ್ಲಿ ಅವರಿಗೆ ಜ್ವರ ಬಂತು, ಒಣಕೆಮ್ಮು ಬಂತು, ಮೂರನೆಯ ದಿನ ಉಸಿರಾಡುವುದೇ ಕಷ್ಟವಾಯಿತು. ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗಲೂ ನಾನು ಒಳಗೆ ಬಂದರೆ ಅವರ ಕೈ ಸೆರಗನ್ನು ಹುಡುಕುತ್ತಿತ್ತು. ನನಗೆ ಅದನ್ನು ನೋಡಲಾಗದೆ ಹೊರಗಿನ ಬೆಂಚಿನ ಮೇಲೆ ಕೂತುಬಿಡುತ್ತಿದ್ದೆ.

ಆ ಬೆಂಚಿನ ಬಳಿಗೇ ಒಂದು ದಿನ ಡಾಕ್ಟರು ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಪ್ರಶ್ನೆ ಕೇಳುವಾಗ ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗಿಂತ ಗಟ್ಟಿ. 'ಅಂಕಲ್, ಮನೇಲಿ ಸೋಲಾರಾ, ಗೀಸರಾ? ಅಜ್ಜಿ ಶವರ್ ಯೂಸ್ ಮಾಡ್ತಾರಾ? ಆ ಬಾತ್‌ರೂಮ್ ಮುಂಚೆ ಕ್ಲೋಸ್ ಆಗಿತ್ತಾ?' ನಾನು ಒಂದೊಂದಕ್ಕೂ ಹೌದು ಎನ್ನುತ್ತಾ ಹೋದೆ. ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆಯಂತೆ. ಅದಕ್ಕೆ ತಣ್ಣೀರು ಹಿಡಿಸುವುದಿಲ್ಲ, ಕುದಿಯುವ ನೀರೂ ಹಿಡಿಸುವುದಿಲ್ಲ. ಉಗುರುಬೆಚ್ಚಗಿರಬೇಕು, ಹರಿಯದೆ ನಿಂತಿರಬೇಕು. ಪೈಪಿನ ಒಳಗಿನ ಲೋಳೆಯಲ್ಲಿ, ಶವರಿನ ತೂತುಗಳ ಬಿಳಿ ಕರೆಯಲ್ಲಿ ಸಂಸಾರ ಹೂಡುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದಲ್ಲ. ನೀರು ಸಣ್ಣ ಸಣ್ಣ ಹನಿಯಾಗಿ ಗಾಳಿಯಲ್ಲಿ ತೇಲುವಾಗ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ, ವಯಸ್ಸಾದವರಿಗೆ ಅಪಾಯ. ಪರೀಕ್ಷೆಯ ವರದಿಯೂ ಅದೇ ಎಂದಿತು. 'ಸರಿಯಾದ ಟೈಮಿಗೆ ಕರ್ಕೊಂಡ್ ಬಂದಿದೀರ, ಔಷಧಿ ಕೆಲಸ ಮಾಡ್ತಿದೆ' ಎಂದು ಅವರು ಸಮಾಧಾನ ಹೇಳಿದರು. ಅದು ನನ್ನ ಕಿವಿಗೆ ಬೀಳಲಿಲ್ಲ. ಹಾಡುವಾಗ ಅವರು ಎಷ್ಟು ದೊಡ್ಡ ಉಸಿರು ತೆಗೆದುಕೊಳ್ಳುತ್ತಿದ್ದರು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಗ್ಗದೆ ಸ್ನಾನ ಮಾಡಲಿ ಎಂದು ನಾನು ಕೊಟ್ಟ ವಸ್ತುವಿನಿಂದಲೇ ಅವರನ್ನು ಮಲಗಿಸಿಬಿಟ್ಟಿದ್ದೆ.

ಎಂಟು ದಿನಕ್ಕೆ ಅತ್ತೆಯವರು ಮನೆಗೆ ಬಂದರು. ಅಷ್ಟರಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನವರು ಶವರಿನ ನೀರು, ಟ್ಯಾಂಕಿನ ನೀರು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದರು. ಶವರಿನ ನೀರಿನಲ್ಲಿ ಅದು ಇತ್ತು. ಮುನಿರಾಜು ಬಂದು ಟೆರೇಸಿಗೆ ಹತ್ತಿ ಸೋಲಾರ್ ಟ್ಯಾಂಕು ಖಾಲಿ ಮಾಡಿ, ತಳದ ಗಷ್ಟು ತೆಗೆದ. ಬಚ್ಚಲಿಗೆ ಬಂದು ಗೋಡೆ ತಟ್ಟಿ ನೋಡಿ, 'ಸಾರ್, ಇಲ್ಲೊಂದು ಡಮ್ಮಿ ಲೈನ್ ಐತೆ. ಯಾವನೋ ಮುಚ್ಚಳ ಹಾಕವ್ನೆ. ನೀರು ಒಳಗೇ ಕೂತು ಕೊಳೀತಾ ಇರತ್ತೆ, ಬಿಸಿನೀರು ಬಿಟ್ಟಾಗೆಲ್ಲ ಒಂಚೂರು ಈಚೆ ಬರತ್ತೆ. ಯಾರು ಸಾರ್ ಆ ಪುಣ್ಯಾತ್ಮ?' ಎಂದು ಕೇಳಿದ. ಮುಚ್ಚಳದ ಸುತ್ತ ಒಂದು ಇಡೀ ಟೇಪು ಸುತ್ತಿದ್ದುದನ್ನು ನೋಡಿ, ನನ್ನ ಮುಖ ನೋಡಿ, ಮತ್ತೆ ಏನೂ ಕೇಳದೆ ಕತ್ತರಿಸಿ ತೆಗೆದ. ಅವನು ಬೈದಿದ್ದರೆ ವಾಸಿಯಿತ್ತು.

ಈಗ ಅತ್ತೆಯವರಿಗೆ ಏನು ಹೇಳುವುದು ಎಂಬ ಪ್ರಶ್ನೆ ಬಂತು. ಅವರಿಗೆ ಗೊತ್ತಿದ್ದುದು ನ್ಯುಮೋನಿಯಾ ಎಂದಷ್ಟೇ. 'ಶವರ್ ಕೆಟ್ಟಿದೆ, ಸರಿ ಹೋಗೋವರೆಗೂ ಬಕೆಟ್ ಅಂತ ಹೇಳಿಬಿಡು' ಎಂದು ಗಿರಿಜೆಗೆ ಹೇಳಿದೆ. 'ನಿಜ ಹೇಳೋಕೇನ್ರೀ ನಿಮಗೆ?' ಎಂದಳು. 'ಅತ್ತೆಯವರಿಗೆ ನಾನು ಹೇಗೆ ಹೇಳ್ಲಿ, ಅದೂ ಸ್ನಾನದ ವಿಷಯ' ಎಂದೆ. ಮರ್ಯಾದೆ ಎಂಬುದು ಇಂಥ ಹೊತ್ತಿನಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ಗಿರಿಜೆ ನನ್ನನ್ನು ಶಾಲೆಯ ಮಕ್ಕಳನ್ನು ನೋಡುವ ಹಾಗೆ ನೋಡಿ, 'ಸರಿ, ಆದ್ರೆ ಒಂದಿನ ನೀವೇ ಹೇಳ್ಬೇಕು' ಎಂದು ಕರಾರು ಹಾಕಿ, ತಾಯಿಗೆ ಶವರ್ ಕೆಟ್ಟಿದೆ ಎಂದಳು. ಅತ್ತೆಯವರು, 'ಆಯ್ತು ಬಿಡು' ಎಂದು ಮತ್ತೆ ಚೊಂಬು ಹಿಡಿದರು. ಹಾಡು ನಿಂತಿತು. ನಾನು ಟೀವಿಯ ಸದ್ದು ಇಳಿಸಿ ಕೂತರೆ ಕೇಳಿಸುತ್ತಿದ್ದುದು ಬಕೆಟ್ಟಿಗೆ ಚೊಂಬು ತಗುಲುವ ಸದ್ದು, ನಡುನಡುವೆ ಸೊಂಟ ನೋವಿನ ಒಂದು ನಿಟ್ಟುಸಿರು.

ಏನಾದರೂ ಆಗಲಿ, ಆ ಶವರನ್ನು ಶುದ್ಧ ಮಾಡಿ ಅವರಿಗೆ ವಾಪಸ್ ಕೊಟ್ಟೇ ಕೊಡಬೇಕು ಎಂದು ಹಟ ಹಿಡಿದೆ. ಕಾಯಿಲ್ ಹಾಕಿದೆ; ಸೂರ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಬೀಳ್ಕೊಡುಗೆಯ ದಿನ ಕಾಲೇಜಿನವರು ಕೊಟ್ಟಿದ್ದ ಥರ್ಮಾಮೀಟರು ಹಿಡಿದು ದಿನಾ ಟೆರೇಸಿಗೆ ಹತ್ತಿ, ನೀರು ಅರವತ್ತು ಡಿಗ್ರಿ ದಾಟಿದೆಯೇ ಎಂದು ನೋಡಿದೆ. ಮೈ ಸುಡದ ಹಾಗೆ ತಣ್ಣೀರು ಬೆರೆಸುವ ನಲ್ಲಿಯನ್ನು ಮುನಿರಾಜುವಿನ ಕೈಯಿಂದಲೇ ಹಾಕಿಸಿದೆ. ಶವರಿನ ತಲೆಯನ್ನು ಎಸೆದು ಹೊಸದು ತಂದು, ಬೀರುವಿನಲ್ಲಿಟ್ಟೆ. ಇಷ್ಟರ ಮೇಲೆ ದಿನಾ ಬೆಳಿಗ್ಗೆ ಅತ್ತೆಯವರ ಸ್ನಾನಕ್ಕೆ ಮುಂಚೆ ಆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಜೇಬಿನಲ್ಲಿದ್ದ ಮಾಸ್ಕ್ ಮುಖಕ್ಕೇರಿಸಿ, ಕಿಟಕಿ ತೆರೆದು, ಹನಿ ಹಾರದಂತೆ ಪೈಪಿನ ತುದಿಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಐದು ನಿಮಿಷ ಬಿಸಿನೀರು ಬಿಡುತ್ತಿದ್ದೆ. ಬಿಟ್ಟು, ಮಾಸ್ಕ್ ಜೇಬಿಗೆ ಸೇರಿಸಿ, ಏನೂ ಆಗದವನ ಹಾಗೆ ಹೊರಗೆ ಬರುತ್ತಿದ್ದೆ. ಹೊರಗೆ ಅತ್ತೆಯವರು ಟವೆಲ್ಲು ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ನಮ್ಮ ಕೋಣೆಗೇ ಹೊಂದಿಕೊಂಡಂತೆ ಇನ್ನೊಂದು ಬಚ್ಚಲಿರುವಾಗ ಅಳಿಯ ಇಲ್ಲಿಗೇ ಯಾಕೆ ಬರುತ್ತಾನೆ ಎಂದು ಅವರು ಯೋಚಿಸಬಹುದೆಂಬುದು ನನಗೆ ಹೊಳೆಯಲೇ ಇಲ್ಲ.

ವಾರದೊಳಗೆ ಊಟದಲ್ಲಿ ಬದಲಾವಣೆ ಕಾಣಿಸಿತು. ಮೊದಲು ಬಾಳೆದಿಂಡಿನ ಪಲ್ಯ. ಮಾರನೆಯ ದಿನ ಬಾಳೆದಿಂಡಿನ ಕೋಸಂಬರಿ. ಅದರ ಮಾರನೆಯ ದಿನ ಹನ್ನೊಂದು ಗಂಟೆಗೆ ಕಾಫಿಯ ಬದಲು ಒಂದು ದೊಡ್ಡ ಲೋಟ ಬಾರ್ಲಿ ನೀರು ಟೀಪಾಯಿಯ ಮೇಲೆ ಬಂದು ಕೂತಿತು. 'ಉರಿ ಗಿರಿ ಇದ್ರೆ ಕಮ್ಮಿ ಆಗತ್ತೆ' ಎಂದು ಅತ್ತೆಯವರು ಫ್ರಿಜ್ಜಿಗೆ ಹೇಳಿದರು. ಫ್ರಿಜ್ಜಿಗೆ ಎಂಥ ಉರಿಯೋ ಎಂದುಕೊಂಡು ನಾನು ಕುಡಿದೆ. ಅದೇ ತಾನೆ ಆಸ್ಪತ್ರೆಯಿಂದ ಬಂದು, ನಾಲ್ಕು ಹೆಜ್ಜೆ ಇಟ್ಟರೆ ಸುಸ್ತಾಗುವವರು, ಬಾಗಿಲಿಗೆ ಬರುವ ತರಕಾರಿಯವಳ ಹತ್ತಿರ ಬಾಳೆದಿಂಡು ಚೌಕಾಸಿ ಮಾಡಿ ತೆಗೆದುಕೊಂಡು, ಕೂತು ನಾರು ಬಿಡಿಸುತ್ತಿದ್ದರು. ಅವರಿಗೆ ಅದು ಇಷ್ಟವಿರಬೇಕು ಎಂದು ನಾನು ಎರಡು ಸಲ ಬಡಿಸಿಕೊಂಡು ತಿಂದೆ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಗಿರಿಜೆ ಮುಖ ಗಂಟಿಕ್ಕಿಕೊಂಡು ನನ್ನ ಹತ್ತಿರ ಬಂದಳು. 'ಅಮ್ಮ ಊರಿಗೆ ಹೋಗ್ತೀನಿ ಅಂತಿದಾಳೆ. ಬಟ್ಟೆ ಎಲ್ಲಾ ಮಡಚಿಟ್ಟಿದಾಳೆ. ಭಾನುವಾರ ತಮ್ಮನಿಗೆ ಬರೋಕೆ ಹೇಳಿದಾಳಂತೆ.' ಆ ಮೆಟ್ಟಿಲು, ಆ ಮಂಡಿ, ಈಗ ಈ ಶ್ವಾಸಕೋಶ ಬೇರೆ. ಡಾಕ್ಟರು ಇನ್ನೂ ಎರಡು ತಿಂಗಳು ಕಣ್ಣಳತೆಯಲ್ಲೇ ಇರಲಿ ಎಂದಿದ್ದರು. ಯಾಕೆ ಎಂದು ಕೇಳಿದೆ. ಗಿರಿಜೆಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ತಾಯಿ ಹೇಳಿದ್ದನ್ನು ಹಾಗೇ ಒಪ್ಪಿಸಿದಳು: 'ಪಾಪ, ಅಳಿಯಂದ್ರಿಗೆ ಮೂತ್ರದ ತೊಂದ್ರೆ ಐತೆ ಕಣೇ. ನಲ್ಲಿ ಬಿಟ್ಕೊಂಡು ಐದೈದು ನಿಮಿಷ ಕೂರ್ತಾರೆ. ಹತ್ತಿರದ ಬಚ್ಚಲು ಅಂತ ಅರ್ಜೆಂಟಿಗೆ ಇಲ್ಲಿಗೆ ಓಡಿ ಬರ್ತಾರೆ, ನಾನು ಟವಲ್ ಹಿಡ್ಕೊಂಡು ಬಾಗ್ಲಲ್ಲೇ ನಿಂತಿರ್ತೀನಿ. ಅವರಿಗೆ ನಾಚಿಕೆ, ನನಗೂ ಸಂಕೋಚ. ಸಾಲದ್ದಕ್ಕೆ ಶವರ್ ಬೇರೆ ಕೆಡಿಸಿಟ್ಟೆ. ಕಾಯಿಲೆ ಮನುಷ್ಯರ ಮನೇಲಿ ಇನ್ನೊಬ್ಬ ಕಾಯಿಲೆಯವಳು ಯಾಕೆ, ನಾನು ಹೊರಡ್ತೀನಿ ಅಂತಾಳೆ ರೀ' ಎಂದಳು. ಶವರ್ ಕೆಡಿಸಿದ್ದು ತಾನು ಎಂದು ಅವರು ತಿಳಿದುಕೊಂಡಿದ್ದರು. ನಾನು ಹೇಳಿದ ಒಂದು ಸಣ್ಣ ಸುಳ್ಳಿಗೆ ಅವರು ಎಷ್ಟು ದಿನದಿಂದ ತಪ್ಪಿತಸ್ಥರಾಗಿ ಚೊಂಬು ಹಿಡಿದಿದ್ದರೋ! ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಗಿರಿಜೆ ಶಾಲೆಗೆ ಹೋಗುವ ತನಕ ಕಾದೆ. ಅವಳು ಇದ್ದರೆ ಅವಳ ಮೂಲಕ ಹೇಳಿಬಿಡುವ ದುರ್ಬುದ್ಧಿ ಬಂದೀತು ಎಂದು ಭಯ. ಅತ್ತೆಯವರು ಅಡುಗೆ ಮನೆಯಲ್ಲಿ ಬಾರ್ಲಿ ಕುದಿಯಲು ಇಟ್ಟು, ಮಣೆಯ ಮೇಲೆ ಕೂತಿದ್ದರು. ನಾನು ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗಿದ್ದ ಹಸಿಮೆಣಸಿನಕಾಯಿಯನ್ನೂ ಅರ್ಧ ನಿಂಬೆಹಣ್ಣನ್ನೂ ನೋಡುತ್ತಾ ಎಲ್ಲವನ್ನೂ ಹೇಳಿದೆ. ಶವರ್ ಕೆಟ್ಟಿಲ್ಲ, ಯಾರೂ ಕೆಡಿಸಿಲ್ಲ. ಅದರ ನೀರಿನಲ್ಲಿ ಕ್ರಿಮಿ ಇತ್ತು. ನ್ಯುಮೋನಿಯಾ ಬಂದದ್ದು ಅದರಿಂದಲೇ. ಆ ಪೈಪಿಗೆ ಮುಚ್ಚಳ ಹಾಕಿದವನು ನಾನು, ನೀರು ಕಾಯಿಸದೆ ಬಿಟ್ಟವನು ನಾನು, ಇನ್ನೊಂಚೂರು ಕಾಯಲಿ ಎಂದಾಗ ಬುದ್ಧಿ ಹೇಳಿದವನೂ ನಾನು. ದಿನಾ ಬೆಳಿಗ್ಗೆ ನಲ್ಲಿ ಬಿಡುತ್ತಿದ್ದುದು ಪೈಪು ಶುದ್ಧವಾಗಲಿ ಎಂದು. ನನಗೆ ಯಾವ ಕಾಯಿಲೆಯೂ ಇಲ್ಲ. ತಪ್ಪಾಯಿತು. ಇಷ್ಟು ಹೇಳುವ ಹೊತ್ತಿಗೆ ಫ್ರಿಜ್ಜು ಬಾಗಿಲು ಮುಚ್ಚಿ ಎಂದು ಕುಂಯ್‌ಗುಡಲು ಶುರು ಮಾಡಿತ್ತು.

ಹಿಂದೆ ಬಾರ್ಲಿ ಕುದಿಯುತ್ತಿತ್ತು. ಅಳುತ್ತಿದ್ದಾರೋ, ಕೋಪ ಬಂದಿದೆಯೋ, ತಿರುಗಿ ನೋಡುವ ಹಾಗಿಲ್ಲ. ಆಮೇಲೆ ದೀರ್ಘವಾದ ಒಂದು ಉಸಿರು ಬಿಟ್ಟು ಅತ್ತೆಯವರು ಒಲೆಗೆ ಹೇಳಿದರು: 'ಸದ್ಯ, ಶಿವ ದೊಡ್ಡೋನು. ಅಳಿಯಂದ್ರಿಗೆ ಏನೂ ಆಗಿಲ್ವಂತೆ.' ನಾನು ಕಾಯುತ್ತಾ ನಿಂತೆ. ಇನ್ನೂ ಏನಾದರೂ ಹೇಳಬಹುದು, ನಾಲ್ಕು ಮಾತು ಬೈಯಬಹುದು ಎಂದು. ಅಷ್ಟೇ. ಎಂಟು ದಿನ ನಳಿಗೆಯಲ್ಲಿ ಉಸಿರಾಡಿದ ತಮ್ಮ ವಿಷಯ ಅವರಿಗೆ ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನ ಮೂತ್ರಪಿಂಡಗಳ ಬಗ್ಗೆ ಇಷ್ಟು ಸಂಕಟಪಟ್ಟದ್ದು ನನಗೆ ಗೊತ್ತಿಲ್ಲ. ನಾನು ಫ್ರಿಜ್ಜಿನ ಬಾಗಿಲು ಹಾಕಿ, ಹಾಲಿಗೆ ಬಂದು, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ನಿಜ ಹೇಳುತ್ತೇನೆ, ಒಂದು ಅಕ್ಷರವೂ ಕಾಣಿಸಲಿಲ್ಲ.

ಭಾನುವಾರ ಭಾವಮೈದುನ ಬಂದ, ಊಟ ಮಾಡಿದ, ಒಬ್ಬನೇ ವಾಪಸ್ ಹೋದ. ಮುಂದಿನ ವಾರ ಎರಡನೆಯ ಸಲದ ನೀರಿನ ವರದಿ ಬಂತು. ಕ್ರಿಮಿ ಇಲ್ಲ ಎಂದಿತ್ತು. ನನಗೆ ನಂಬಿಕೆ ಸಾಲದೆ ಮತ್ತೊಮ್ಮೆ ಬಾಟಲಿ ಕಳಿಸಿದೆ, ಅದರಲ್ಲೂ ಇಲ್ಲ. ಡಾಕ್ಟರು ಆಗಬಹುದು ಎಂದ ಮೇಲೆ ಮುನಿರಾಜು ಬಂದು ಹೊಸ ಶವರ್ ಹಾಕಿದ. ನಾನು ಟೇಪು ಹಿಡಿದು ಪಕ್ಕದಲ್ಲಿ ನಿಂತಿದ್ದೆ, ಮುಟ್ಟಲಿಲ್ಲ. ಮೊದಲ ದಿನ ಅತ್ತೆಯವರು ಸುಮ್ಮನೆ ಸ್ನಾನ ಮಾಡಿ ಬಂದರು. ಎರಡನೆಯ ದಿನವೂ ಹಾಗೇ. ನಾಲ್ಕನೆಯ ದಿನ ರಾಗ ಕೇಳಿಸಿತು. ಗಂಟಲು ಮೊದಲಿನಷ್ಟು ಏರಲಿಲ್ಲ, ಮಧ್ಯೆ ಉಸಿರಿಗಾಗಿ ಎರಡು ಸಲ ನಿಂತರು. ಆದರೆ ಮೊದಲು ಮರೆತಿದ್ದ ಒಂದು ಸಾಲು ಈಗ ನೆನಪಾಗಿತ್ತು. ಬೆಳಗಿನ ಐದು ನಿಮಿಷದ ನಲ್ಲಿ ಬಿಡುವ ಕೆಲಸವನ್ನು ನಾನು ನಿಲ್ಲಿಸಲಿಲ್ಲ. ಈಗ ಮಾಸ್ಕ್ ಬಹಿರಂಗವಾಗಿಯೇ ಹಾಕಿಕೊಂಡು ಹೋಗುತ್ತೇನೆ. ಬಾರ್ಲಿ ನೀರೂ ನಿಲ್ಲಲಿಲ್ಲ. ಅಭ್ಯಾಸಬಲ ಎಂದುಕೊಂಡು ನಾನು ಸುಮ್ಮನಿದ್ದೆ.

ಹೋದ ಶನಿವಾರ ಅತ್ತೆಯವರನ್ನು ಮತ್ತೆ ತೋರಿಸಲು ಮೂವರೂ ಆಸ್ಪತ್ರೆಗೆ ಹೋದೆವು. ಅದೇ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ನೋಡಿ, 'ಅಜ್ಜಿ, ಲಂಗ್ಸ್ ಸೂಪರ್' ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಎದ್ದು ಹೊರಡಬೇಕು, ಅಷ್ಟರಲ್ಲಿ ಅತ್ತೆಯವರು ಗಿರಿಜೆಯ ಕೈ ಜಗ್ಗಿದರು. ಗಿರಿಜೆ ಗಂಟಲು ಸರಿಮಾಡಿಕೊಂಡು, 'ಡಾಕ್ಟ್ರೇ, ಹಾಗೇ ಇವರನ್ನೂ ಸ್ವಲ್ಪ ಕೇಳಿ. ಬಾತ್‌ರೂಮಿಗೆ ಜಾಸ್ತಿ ಹೋಗ್ತಾರೆ ಅಂತ ಅಮ್ಮಂಗೆ ಅನುಮಾನ' ಎಂದಳು. ಅದೆಲ್ಲ ಮುಗಿದ ಕಥೆ, ಅದು ಪೈಪಿನ ವಿಷಯ ಎಂದು ವಿವರಿಸಿದೆ. ಡಾಕ್ಟರು ನಕ್ಕರು. 'ಆದ್ರೂ ಅಂಕಲ್, ನಿಮ್ಮ ವಯಸ್ಸಲ್ಲಿ ಕೇಳ್ಬೇಕಾಗತ್ತೆ. ಪೈಪಿನ ಕೆಲಸ ಬಿಟ್ಟು, ತಿಂಡಿಯಿಂದ ಮಧ್ಯಾಹ್ನ ಊಟದವರೆಗೆ ಎಷ್ಟು ಸಲ ಹೋಗ್ತೀರಾ?'

'ಎಲ್ಲರ ಹಾಗೆ ಡಾಕ್ಟ್ರೇ' ಎಂದೆ, ಆರಾಮವಾಗಿ. 'ಒಂದು, ಹೆಚ್ಚೆಂದ್ರೆ ಎರಡು ಸಲ.'

ಪಕ್ಕದಲ್ಲಿ ರೋಗಿಗಳ ಸ್ಟೂಲು ಸರಿದ ಸದ್ದಾಯಿತು. ತಿರುಗಿದೆ. ಅತ್ತೆಯವರು ಗೋಡೆಯನ್ನು ನೋಡುತ್ತಿರಲಿಲ್ಲ, ಗಿರಿಜೆಯನ್ನು ನೋಡುತ್ತಿರಲಿಲ್ಲ. ಸೆರಗು ಹೆಗಲಿಗೆ ಜಾರಿದ್ದರೂ ಸರಿಮಾಡಿಕೊಳ್ಳದೆ, ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣು ಗಿರಿಜೆಯ ಕಣ್ಣಿನ ಹಾಗೇ ಕಂದು ಬಣ್ಣ ಎಂಬುದನ್ನು ನಾನು ಅವತ್ತೇ ಕಂಡದ್ದು.

'ಸುಳ್ಳು ಹೇಳ್ಬೇಡಿ' ಎಂದರು. 'ಐದು ಸಲ.'

ಗಿರಿಜೆ ಬಾಯಿ ತೆರೆದುಕೊಂಡು ತಾಯಿಯನ್ನು ನೋಡಿದಳು. ಡಾಕ್ಟರು ಪೆನ್ನು ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಆ ಕಣ್ಣುಗಳ ಎದುರು ಇನ್ನೊಂದು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

'ಐದಲ್ಲ ಅತ್ತೆ,' ಎಂದೆ. 'ಆರು.'